ಯೇಸುಕ್ರಿಸ್ತನ ಐತಿಹಾಸಿಕತೆ: ನಾಸ್ತಿಕರ ವಾದವೂ ನಮ್ಮ ಶಾಸನಗಳೂ

ಕಳೆದ ಶ್ರಾವಣದ ಒಂದು ಸೋಮವಾರ ಸಂಜೆ ಲಕ್ಕೂರಿನ ನಮ್ಮ ಮನೆಯ ಜಗುಲಿಯಲ್ಲಿ ವಚನಪಾಠ ಮುಗಿದ ತರುವಾಯ ನಡೆದ ಸಂಭಾಷಣೆಯೊಂದು ಈ ಲೇಖನಕ್ಕೆ ಕಾರಣವಾಯಿತು. ಅಂದು ಅಲ್ಲಿದ್ದವರು ಏಳೆಂಟು ಮಂದಿ. ಅವರಲ್ಲಿ ಇಬ್ಬರನ್ನು ಮಾತ್ರ ಇಲ್ಲಿ ಹೇಳಿದರೆ ಸಾಕು. ಒಬ್ಬರು ನನ್ನಂತೆಯೇ ನಿವೃತ್ತರಾದ ಶಿಕ್ಷಕರು, ಕೋಲಾರದ ಕಡೆಯ ಕ್ರೈಸ್ತ ಮಿತ್ರರು. ಷಟ್‌ಸ್ಥಲದ ವಿಚಾರವನ್ನು ಕೇಳಬೇಕೆಂಬ ಪ್ರೀತಿಯಿಂದ ಆಗಾಗ ಬರುವವರು. ಇನ್ನೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸ, ಬಿಡುವಿನಲ್ಲಿ ವಿಚಾರವಾದಿಗಳ ಗ್ರಂಥಗಳ ವ್ಯಾಸಂಗ. ಮಾತು ಎಲ್ಲಿಂದಲೋ ಹೊರಟು ಎಲ್ಲಿಗೋ ಬಂದು, ಯೇಸುಕ್ರಿಸ್ತನೆಂಬ ಮನುಷ್ಯ ಭೂಮಿಯ ಮೇಲೆ ಹುಟ್ಟಿಯೇ ಇಲ್ಲವೆಂದು ಆ ತರುಣ ಸಾಧಿಸತೊಡಗಿದ. ಸಮಕಾಲೀನವಾದ ಒಂದು ಶಾಸನವಿಲ್ಲ, ಒಂದು ರಾಜಪತ್ರವಿಲ್ಲ, ಕಣ್ಣಾರೆ ಕಂಡವನು ಬರೆದ ಒಂದು ಸಾಲಿಲ್ಲ. ಇರುವುದೆಲ್ಲ ಭಕ್ತರು ಹಿಂದಿನಿಂದ ಕಟ್ಟಿದ ಕಥೆ ಎಂಬುದು ಅವನ ವಾದ.

ನಮ್ಮವರಿಗೆ ಈ ಮಾತು ರುಚಿಸಿತು. ಹಿರಿಯರೊಬ್ಬರು ತೊಡೆ ತಟ್ಟಿ ನಕ್ಕರು. ಕ್ರೈಸ್ತ ಮಿತ್ರರು ತಲೆ ತಗ್ಗಿಸಿ, "ಹೇಳಲಿ ಬಿಡಿ, ಹುಡುಗ ಓದಿಕೊಂಡಿದ್ದಾನೆ" ಎಂದಷ್ಟೇ ಹೇಳಿದರು. ಆಗ ತರುಣ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಇನ್ನೊಂದು ಪ್ರಶ್ನೆ ಕೇಳಲೇ? ಬಿಜ್ಜಳನ ಕಾಲದ ಯಾವ ಶಾಸನದಲ್ಲಿ ಬಸವಣ್ಣನವರ ಹೆಸರಿದೆ?" ಎಂದ. ಜಗುಲಿಯ ಮೇಲೆ ನಗೆ ನಿಂತಿತು.

ಅವನು ಕುಚೋದ್ಯಕ್ಕಾಗಿ ಕೇಳಿದವನಲ್ಲ. ಒಂದು ಧರ್ಮಕ್ಕೆ ಹಚ್ಚಿದ ಒರೆಗಲ್ಲನ್ನು ಮತ್ತೊಂದಕ್ಕೂ ಹಚ್ಚಬೇಕೆಂಬುದು ಅವನ ನ್ಯಾಯ. ಅದು ಸರಿಯಾದ ನ್ಯಾಯವೇ. ಆದಕಾರಣ ಆ ಒರೆಗಲ್ಲು ಎಂಥದೆಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ. ಕ್ರೈಸ್ತಮತದ ಚರಿತ್ರೆ ವೀರಶೈವ ವಾಚಕರಿಗೆ ಏಕೆ ಬೇಕೆಂದು ಕೇಳುವವರಿಗೆ ಆ ಸಂಜೆ ನಿಂತ ನಗೆಯೇ ಉತ್ತರ.

ಮೊದಲು ಈ ವಾದ ಎಲ್ಲಿಂದ ಬಂದಿತೆಂಬುದನ್ನು ನೋಡೋಣ. ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಅಧ್ಯಾಪಕನಾಗಿದ್ದ ಡೇವಿಡ್ ಸ್ಟ್ರೌಸನು 1835ರಲ್ಲಿ ಯೇಸುವಿನ ಜೀವನವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿ, ಸುವಾರ್ತೆಗಳಲ್ಲಿ ಬರುವ ಪವಾಡಗಳು ಚರಿತ್ರೆಯಲ್ಲ, ಭಕ್ತಸಮುದಾಯದ ಮನಸ್ಸಿನಲ್ಲಿ ಮೂಡಿದ ಪುರಾಣಕಲ್ಪನೆಗಳು ಎಂದು ಪ್ರತಿಪಾದಿಸಿದನು. ಯೇಸು ಇದ್ದನೆಂಬುದನ್ನು ಅವನು ಅಲ್ಲಗಳೆಯಲಿಲ್ಲ. ಆದರೂ ಹುದ್ದೆ ಹೋಯಿತು. ಅವನ ತರುವಾಯ ಬ್ರೂನೋ ಬೌವರ್ ಮತ್ತೂ ಮುಂದೆ ಹೋಗಿ ಯೇಸುವಿನ ಅಸ್ತಿತ್ವವನ್ನೇ ನಿರಾಕರಿಸಿದನು. 1909ರಲ್ಲಿ ಆರ್ಥರ್ ಡ್ರ್ಯೂಸ್ ಎಂಬ ತತ್ತ್ವಶಾಸ್ತ್ರದ ಅಧ್ಯಾಪಕನು ಕ್ರಿಸ್ತಚರಿತೆಯೆಲ್ಲ ಪುರಾಣವೆಂದು ಗ್ರಂಥ ಬರೆದನು. ಮರುವರ್ಷ ಬರ್ಲಿನ್ನಿನಲ್ಲಿ ಈ ಬಗ್ಗೆ ಬಹಿರಂಗ ಚರ್ಚೆಯೇ ನಡೆಯಿತು. ಇಂಗ್ಲೆಂಡಿನಲ್ಲಿ ಜೆ. ಎಂ. ರಾಬರ್ಟ್‌ಸನ್ ಇದೇ ಪಕ್ಷವನ್ನು ಹಿಡಿದನು. ನಮ್ಮ ತರುಣರ ಕೈಯಲ್ಲಿ ಹೆಚ್ಚಾಗಿ ಕಾಣುವ ಬರ್ಟ್ರೆಂಡ್ ರಸೆಲ್ಲನ 1927ರ ಉಪನ್ಯಾಸದಲ್ಲಿ, ತಾನು ಕ್ರೈಸ್ತನಲ್ಲದಿರುವ ಕಾರಣಗಳನ್ನು ಹೇಳುತ್ತ, ಯೇಸು ಇದ್ದನೇ ಎಂಬುದೇ ಸಂದೇಹಾಸ್ಪದವೆಂದು ಪ್ರಾಸಂಗಿಕವಾಗಿ ಒಂದು ಮಾತು ಬರುತ್ತದೆ. ರಸೆಲ್ ಮಹಾ ತಾರ್ಕಿಕ. ಆದರೆ ಈ ಒಂದು ಮಾತಿಗೆ ಅವನು ಅಲ್ಲಿ ಪ್ರಮಾಣವನ್ನು ಒದಗಿಸಲಿಲ್ಲ. ಪ್ರಸಿದ್ಧರ ಪ್ರಾಸಂಗಿಕ ಮಾತುಗಳೇ ಬಹುಕಾಲ ಬಾಳುವುದೊಂದು ವಿಚಿತ್ರ.

ಈ ಕಥೆಗೆ ಕನ್ನಡನಾಡಿನ ಒಂದು ಕೊಂಡಿಯೂ ಇದೆ. ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕಲಿತದ್ದು ಇದೇ ಟ್ಯೂಬಿಂಗನ್ನಿನಲ್ಲಿ. ಸ್ಟ್ರೌಸನ ಗ್ರಂಥ ಹೊರಬಂದ ಮರುವರ್ಷವೇ, 1836ರಲ್ಲಿ, ಅವನು ಮಂಗಳೂರಿಗೆ ಬಂದಿಳಿದನು. ಸ್ವದೇಶದಲ್ಲಿ ಸುವಾರ್ತೆಗಳನ್ನು ಪುರಾಣವೆಂದು ವಿದ್ವಾಂಸರು ವಿಂಗಡಿಸುತ್ತಿದ್ದ ಕಾಲದಲ್ಲಿಯೇ ಬಾಸೆಲ್ ಮಿಶನ್ನಿನವರು ಇಲ್ಲಿ ನಮ್ಮ ಪುರಾಣಗಳನ್ನು ಕಟ್ಟುಕಥೆಗಳೆಂದು ಖಂಡಿಸುತ್ತಿದ್ದರು. ಖಂಡಿಸಿದವರೇ ಅವನ್ನು ಕಾಪಾಡಿದರೆಂಬುದನ್ನೂ ಹೇಳದಿದ್ದರೆ ಕೃತಘ್ನತೆಯಾದೀತು. ಮೋಗ್ಲಿಂಗನ ಗ್ರಂಥಮಾಲೆಯಲ್ಲಿ ಬಸವಪುರಾಣವೂ ಚೆನ್ನಬಸವಪುರಾಣವೂ ಕಲ್ಲಚ್ಚಿನಲ್ಲಿ ಬೆಳಕು ಕಂಡವು. 1860ರ ದಶಕದಲ್ಲಿ ಅದೇ ಮಿಶನ್ನಿನ ವುರ್ತ್ ಎಂಬವರು ಈ ಎರಡು ಪುರಾಣಗಳನ್ನು ಇಂಗ್ಲಿಷಿಗೆ ತಂದು ಮುಂಬಯಿಯ ಏಶಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಿಟ್ಟೆಲರು 1862ರಲ್ಲಿ 'ಕಥಾಮಾಲೆ'ಯೆಂಬ ಹೆಸರಿನಿಂದ ಕ್ರಿಸ್ತನ ಚರಿತ್ರೆಯನ್ನೇ ಕನ್ನಡದ ಛಂದಸ್ಸಿನಲ್ಲಿ ಹಾಡಿದರು. ಪರರ ಪುರಾಣವನ್ನು ಒರೆಗೆ ಹಚ್ಚುವವನು ತನ್ನದನ್ನು ಪದ್ಯದಲ್ಲಿ ಹಾಡುವುದು ಮನುಷ್ಯಸ್ವಭಾವ. ಜರ್ಮನರಿಗೆ ಮಾತ್ರ ಸೇರಿದ್ದಲ್ಲ.

ಅತ್ತ ಮದರಾಸಿನಲ್ಲಿ 1887ರಲ್ಲಿ ಸ್ಥಾಪಿತವಾದ ಹಿಂದೂ ಟ್ರ್ಯಾಕ್ಟ್ ಸೊಸೈಟಿಯವರು ಪಾದ್ರಿಗಳನ್ನೆದುರಿಸಲು ಯೂರೋಪಿನ ನಿರೀಶ್ವರವಾದಿಗಳ ಬೈಬಲ್ ವಿಮರ್ಶೆಯನ್ನು ಎರವಲು ತಂದು ಕರಪತ್ರಗಳಲ್ಲಿ ಹಂಚಿದರು. ದೇವರೇ ಇಲ್ಲವೆನ್ನುವವನ ಕತ್ತಿಯನ್ನು ದೇವಭಕ್ತರು ಹಿಡಿದದ್ದು ಹೀಗೆ. ಎರವಲು ಕತ್ತಿಗೆ ಎರಡು ಕಡೆಯೂ ಅಲಗು ಇರುತ್ತದೆಂಬುದು ಆಗ ಯಾರಿಗೂ ತೋರಲಿಲ್ಲ. ನಮ್ಮ ಜಗುಲಿಯ ಮೇಲೆ ತೊಡೆ ತಟ್ಟಿದ ಹಿರಿಯರಿಗೂ ತೋರಿರಲಿಲ್ಲ.

ಇನ್ನು ವಾದಕ್ಕೆ ಬರೋಣ. ಅದರ ಬುನಾದಿ ಸಮಕಾಲೀನರ ಮೌನ. ಯೇಸುವಿನ ಕಾಲದಲ್ಲೇ ಅಲೆಕ್ಸಾಂಡ್ರಿಯದಲ್ಲಿ ಬಾಳಿದ ಯೆಹೂದಿ ತತ್ತ್ವಜ್ಞಾನಿ ಫೈಲೋ ಬಹಳ ಬರೆದನು; ಯೇಸುವಿನ ಸುದ್ದಿಯಿಲ್ಲ. ರೋಮನ್ ಆಡಳಿತದ ಕಡತವೊಂದೂ ಉಳಿದಿಲ್ಲ. ಇವು ನಿಜ. ಆದರೆ ಗಲಿಲಾಯದ ಬಡಗಿಯ ಮನೆಯ ಮಗನೊಬ್ಬನನ್ನು ಸಾಮ್ರಾಜ್ಯದ ಮೂಲೆಯೊಂದರಲ್ಲಿ ಶಿಲುಬೆಗೇರಿಸಿದರೆ ಅದನ್ನು ಕಲ್ಲಿನಲ್ಲಿ ಕೆತ್ತಿಸುವವರು ಯಾರು? ಶಿಲುಬೆಗೇರಿಸಿದವನ ಗತಿಯನ್ನು ಬಿಡಿ, ಏರಿಸಲು ಆಜ್ಞೆಯಿತ್ತ ಅಧಿಕಾರಿಯಾದ ಪೊಂತ್ಯ ಪಿಲಾತನ ಹೆಸರುಳ್ಳ ಶಿಲಾಲೇಖವೇ 1961ರವರೆಗೆ ದೊರೆತಿರಲಿಲ್ಲ. ಆ ವರ್ಷ ಕೈಸರೈಯದ ಹಳೆಯ ನಾಟಕಶಾಲೆಯನ್ನು ಅಗೆಯುವಾಗ, ಮೆಟ್ಟಿಲಿನ ಕಲ್ಲಾಗಿ ಮತ್ತೆ ಬಳಸಿದ್ದ ಒಂದು ಬಂಡೆಯ ಮೇಲೆ ಅವನ ಹೆಸರು ಕಂಡಿತು. ನಮ್ಮ ಸೀಮೆಯಲ್ಲಿ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲುಗಳಾಗಿರುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. 1960ರಲ್ಲಿ ಒಬ್ಬನು ಪಿಲಾತನೇ ಇರಲಿಲ್ಲವೆಂದು ವಾದಿಸಿದ್ದರೆ, ಕೇವಲ ಶಿಲಾಶಾಸನದ ಪ್ರಮಾಣದಿಂದ ಅವನನ್ನು ಖಂಡಿಸುವುದು ಆಗುತ್ತಿರಲಿಲ್ಲ.

ಈ ಕಲ್ಲು ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಸುಮಾರು ಕ್ರಿ.ಶ. 116ರಲ್ಲಿ ಬರೆದ ರೋಮನ್ ಇತಿಹಾಸಕಾರ ಟ್ಯಾಸಿಟಸ್, ನೀರೋವಿನ ಕಾಲದ ಬೆಂಕಿಯ ಅನಾಹುತವನ್ನು ವರ್ಣಿಸುತ್ತ, ಕ್ರೈಸ್ತರೆಂಬವರ ಮೂಲಪುರುಷನಾದ ಕ್ರಿಸ್ತನು ತಿಬೇರಿಯಸ್ಸನ ಆಳ್ವಿಕೆಯಲ್ಲಿ ಪಿಲಾತನಿಂದ ಮರಣದಂಡನೆಗೆ ಗುರಿಯಾದನೆಂದು ತಿಳಿಸುತ್ತಾನೆ. ಆತನಿಗೆ ಕ್ರೈಸ್ತರ ಮೇಲೆ ತಿರಸ್ಕಾರವಲ್ಲದೆ ಪ್ರೀತಿಯಿಲ್ಲ. ಅವನು ಪಿಲಾತನನ್ನು ಪ್ರೊಕ್ಯುರೇಟರ್ ಎನ್ನುತ್ತಾನೆ. ಕಲ್ಲಿನ ಮೇಲಿರುವ ಬಿರುದು ಪ್ರಿಫೆಕ್ಟ್ ಎಂದು. ಟ್ಯಾಸಿಟಸ್ ತನ್ನ ಕಾಲಕ್ಕೆ ರೂಢಿಯಲ್ಲಿದ್ದ ಪದವಿನಾಮವನ್ನು ಹಿಂದಿನವನಿಗೆ ಅಂಟಿಸಿದನು. ಪದವಿಯ ಹೆಸರು ತಪ್ಪಿದ ಮಾತ್ರಕ್ಕೆ ಪುರುಷನೇ ಇಲ್ಲವಾಗುವುದಿಲ್ಲ. ನಮ್ಮ ಕವಿಗಳೂ ಬಸವಣ್ಣನವರನ್ನು ಕರಣಿಕರೆಂದೂ ಭಂಡಾರಿಗಳೆಂದೂ ದಂಡನಾಯಕರೆಂದೂ ಪ್ರಧಾನಿಗಳೆಂದೂ ಬೇರೆಬೇರೆಯಾಗಿ ಕರೆದಿದ್ದಾರೆ.

ನಾಸ್ತಿಕರು ಹೇಳುವುದರಲ್ಲಿ ಒಪ್ಪತಕ್ಕದ್ದು ಬಹಳವಿದೆ; ಅದನ್ನು ಮರೆಮಾಚಬಾರದು. ಯೆಹೂದಿ ಇತಿಹಾಸಕಾರ ಜೋಸೀಫಸ್ ಕ್ರಿ.ಶ. 93-94ರ ಸುಮಾರಿಗೆ ಮುಗಿಸಿದ ಗ್ರಂಥದಲ್ಲಿ ಯೇಸುವನ್ನು ಕುರಿತ ಒಂದು ಭಾಗ ಈಗಿರುವ ರೂಪದಲ್ಲಿ ಅವನದಾಗಿರಲಾರದು. ಕ್ರೈಸ್ತನಲ್ಲದವನೊಬ್ಬನು ಯೇಸುವೇ ಕ್ರಿಸ್ತನೆಂದೂ ಮೂರನೆಯ ದಿನ ಎದ್ದನೆಂದೂ ಬರೆಯುವುದೆಂತು? ಪ್ರತಿಮಾಡಿದ ಕ್ರೈಸ್ತರ ಕೈ ಅಲ್ಲಿ ಆಡಿದೆಯೆಂಬುದು ಬಹುಮಟ್ಟಿನ ವಿದ್ವಾಂಸರ ಅಭಿಪ್ರಾಯ. ಆದರೆ ಅದೇ ಗ್ರಂಥದಲ್ಲಿ ಮುಂದೆ, ಕ್ರಿಸ್ತನೆನಿಸಿಕೊಂಡ ಯೇಸುವಿನ ಸೋದರನಾದ ಯಾಕೋಬನನ್ನು ಕೊಲ್ಲಿಸಿದ ಪ್ರಸಂಗ ನಿರ್ಲಿಪ್ತವಾಗಿ ಬರುತ್ತದೆ. ಅದನ್ನು ಪ್ರಕ್ಷಿಪ್ತವೆನ್ನುವವರು ಕಡಿಮೆ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ನಾಲ್ಕನೆಯ ಶತಮಾನದ ಎರಡು ಪ್ರಾಚೀನ ಸಂಪೂರ್ಣ ಹಸ್ತಪ್ರತಿಗಳಲ್ಲಿಲ್ಲ. ಇದನ್ನು ಹೇಳಿ ತೋರಿಸಿದವರು ನಾಸ್ತಿಕರು ಮಾತ್ರವಲ್ಲ, ಕ್ರೈಸ್ತ ಪಂಡಿತರೂ ಹೌದು.

ಪ್ರಕ್ಷೇಪದ ಮಾತು ಬಂದಾಗ ವಚನ ಓದಿದ ನಮಗೆ ನಾಚಿಕೆಯೂ ಬೇಡ, ಹೆಮ್ಮೆಯೂ ಬೇಡ. ಬಸವಣ್ಣನವರ ಅಂಕಿತವಿಟ್ಟು ಕಾಲಜ್ಞಾನದ ವಚನಗಳನ್ನು ಕಟ್ಟಿದವರು ನಮ್ಮಲ್ಲೂ ಇದ್ದರು. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದಂದಿನಿಂದ, ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು 1993ರಲ್ಲಿ 15 ಸಂಪುಟಗಳ ಸಮಗ್ರ ವಚನ ಸಂಪುಟವನ್ನು ಹೊರತಂದ ತನಕ, ಕಾಳಿನಿಂದ ಜೊಳ್ಳನ್ನು ತೂರಿದ ಕೆಲಸವೇ ನಮ್ಮ ಸಂಪಾದಕರ ಮುಖ್ಯ ಪರಿಶ್ರಮವಾಗಿತ್ತು. ಜೊಳ್ಳು ಇದೆಯೆಂಬ ಕಾರಣದಿಂದ ಕಾಳೂ ಇಲ್ಲವೆಂದು ಅವರಾರೂ ಹೇಳಲಿಲ್ಲ.

ಸುವಾರ್ತೆಗಳಲ್ಲಿ ಪರಸ್ಪರ ವಿರೋಧವಿದೆಯೆಂಬ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ಮತ್ತಾಯನ ಪ್ರಕಾರ ಯೇಸು ಹೆರೋದರಾಜನ ಕಾಲದಲ್ಲಿ ಜನಿಸಿದನು. ಆ ಹೆರೋದನು ಸತ್ತದ್ದು ಕ್ರಿ.ಪೂ. 4ರಲ್ಲಿ. ಲೂಕನು ಕುರೇನ್ಯನ ಜನಗಣತಿಯ ಸಂದರ್ಭವನ್ನು ಹೇಳುತ್ತಾನೆ. ಅದು ನಡೆದದ್ದು ಕ್ರಿ.ಶ. 6ರಲ್ಲಿ. ಸುಮಾರು ಹತ್ತು ವರ್ಷಗಳ ಅಂತರ. ಇಬ್ಬರು ಕೊಡುವ ವಂಶಾವಳಿಗಳೂ ಹೊಂದುವುದಿಲ್ಲ. ಇದನ್ನು ಹೇಗೆ ಎಳೆದರೂ ಸರಿಮಾಡಲಾಗದು; ಸರಿಮಾಡಲು ಹೊರಟ ಪಾದ್ರಿಗಳ ಗ್ರಂಥಗಳನ್ನು ಓದಿದಷ್ಟೂ ಸಂದೇಹ ಹೆಚ್ಚುತ್ತದೆ. ಹುಟ್ಟಿನ ಕಥೆಗಳು ತಡವಾಗಿ ಬೆಳೆದವು ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕವಾದ ಮಾರ್ಗ.

ನಮ್ಮಲ್ಲಿ? ಹರಿಹರನ ರಗಳೆಯಲ್ಲಿ ಬಾಲಕ ಬಸವನ ತಂದೆತಾಯಿಗಳು ಬೇಗ ತೀರಿಕೊಳ್ಳುತ್ತಾರೆ, ಅಜ್ಜಿ ಸಾಕುತ್ತಾಳೆ; ಉಪನಯನವಾಗಿರುತ್ತದೆ; ತರುವಾಯ ಅವನು ಜನಿವಾರವನ್ನು ಕಿತ್ತು ಸಂಗಮಕ್ಕೆ ಹೊರಡುತ್ತಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಅದನ್ನನುಸರಿಸಿ 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ತಂದೆ ಜೀವಂತನಾಗಿದ್ದು ಉಪನಯನಕ್ಕೆ ಸಿದ್ಧಮಾಡುತ್ತಾನೆ. ಬಾಲಕನೇ ಅದನ್ನು ನಿರಾಕರಿಸುತ್ತಾನೆ. ಎರಡರಲ್ಲಿ ಒಂದು ನಡೆದಿರಬೇಕು, ಅಥವಾ ಎರಡೂ ನಡೆಯದಿರಬಹುದು. ಬಿಜ್ಜಳನ ಅಂತ್ಯದ ವಿಷಯದಲ್ಲಿ ಭೇದ ಇನ್ನೂ ಆಳವಾದದ್ದು. ಜಗದೇವಾದಿಗಳು ಅವನನ್ನು ವಧಿಸಿದರೆಂದು ನಮ್ಮ ಪುರಾಣಗಳು. ವಿಷಪ್ರಯೋಗವಾಯಿತೆಂದು ಜೈನರ ಬಿಜ್ಜಳರಾಯ ಚರಿತೆ. ಶಾಸನಗಳಿಂದ ತಿಳಿಯುವುದಾದರೋ 1167-68ರಲ್ಲಿ ಅವನ ಮಗ ಸೋವಿದೇವ ಪಟ್ಟಕ್ಕೆ ಬಂದನೆಂಬುದು. ಕಥೆಗಳು ಒಂದಕ್ಕೊಂದು ಒಪ್ಪದಿದ್ದರೆ ಕಥಾನಾಯಕನೇ ಇಲ್ಲವೆಂದಾಗುವುದಾದರೆ ಬಿಜ್ಜಳನೂ ಇರಲಿಲ್ಲವೆನ್ನಬೇಕಾದೀತು. ಅವನಿಗಾದರೆ ಶಾಸನಗಳ ರಾಶಿಯೇ ಇದೆ.

ಇಲ್ಲಿಗೆ ನಮ್ಮ ತರುಣನ ಪ್ರಶ್ನೆಗೆ ಬಂದೆವು. ಅವನು ಕೇಳಿದ್ದು ಹೊಸ ಪ್ರಶ್ನೆಯಲ್ಲ. ಕನ್ನಡ ಶಾಸನಶಾಸ್ತ್ರಕ್ಕೆ ಅಡಿಗಲ್ಲಿಟ್ಟವರಲ್ಲೊಬ್ಬರಾದ ಜೆ. ಎಫ್. ಫ್ಲೀಟರು ಇದನ್ನು ನೂರಿಪ್ಪತ್ತು ವರ್ಷಗಳಿಗೂ ಹಿಂದೆಯೇ ಕೇಳಿದ್ದರು. ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಸಂಪಾದಿಸುವಾಗ, ಬಿಜ್ಜಳನ ಇಷ್ಟೊಂದು ಶಾಸನಗಳಲ್ಲಿ ಬಸವನೆಂಬ ಮಂತ್ರಿಯ ಸುಳಿವಿಲ್ಲವೆಂದೂ, ಪುರಾಣಗಳ ಮಾತನ್ನು ನಂಬಲಾಗದೆಂದೂ, ಈ ಶೈವ ಪುನರುತ್ಥಾನದ ನಿಜವಾದ ಪುರುಷ ಏಕಾಂತದ ರಾಮಯ್ಯನೇ ಇರಬೇಕೆಂದೂ ಅವರು ಅಭಿಪ್ರಾಯಪಟ್ಟರು. ಕಾರಣ, ರಾಮಯ್ಯನ ಚರಿತ್ರೆ ಸುಮಾರು ಕ್ರಿ.ಶ. 1200ರ ಅಬಲೂರು ಶಾಸನದಲ್ಲಿ ಕಲ್ಲಿನ ಮೇಲೆ ಇದೆ.

ಆ ಕಲ್ಲಿನ ಮೇಲೆ ಏನಿದೆ? ವಾಚಕರು ಗಮನವಿಟ್ಟು ನೋಡಬೇಕು. ಆಳಂದೆಯ ರಾಮಯ್ಯ ಅಬಲೂರಿಗೆ ಬಂದಾಗ ಸಂಕಗಾವುಂಡ ಮೊದಲಾದ ಜೈನರೊಡನೆ ವಾದವಾಗುತ್ತದೆ. ರಾಮಯ್ಯ ತನ್ನ ತಲೆಯನ್ನು ಅರಿದು ಶಿವನಿಗೊಪ್ಪಿಸಿ, ಮತ್ತೆ ಅದನ್ನು ಪಡೆಯುವುದಾಗಿ ಪಣ ಕಟ್ಟುತ್ತಾನೆ. ಸೋತರೆ ಜಿನಬಿಂಬವನ್ನು ಕಿತ್ತು ಶಿವನನ್ನು ಪ್ರತಿಷ್ಠಿಸುವೆವೆಂದು ಜೈನರು ಓಲೆ ಬರೆದುಕೊಡುತ್ತಾರೆ. ತಲೆ ಅರಿದದ್ದೂ ಆಯಿತು, ಏಳು ದಿನಗಳ ತರುವಾಯ ಕಲೆಯಿಲ್ಲದಂತೆ ಅದು ಕೂಡಿಕೊಂಡದ್ದೂ ಆಯಿತು. ಜೈನರು ಮಾತಿಗೆ ತಪ್ಪಲು ರಾಮಯ್ಯನೇ ಬಿಂಬವನ್ನು ಒಡೆಯುತ್ತಾನೆ. ದೂರು ಬಿಜ್ಜಳನಲ್ಲಿಗೆ ಹೋಗುತ್ತದೆ. ಬಿಜ್ಜಳನು ವಿಚಾರಿಸಿ ರಾಮಯ್ಯನಿಗೆ ಜಯಪತ್ರವನ್ನಿತ್ತು ಗೋಗಾವೆ ಗ್ರಾಮವನ್ನು ದೇವರಿಗೆ ಬಿಡುತ್ತಾನೆ. ತರುವಾಯ ಚಾಲುಕ್ಯ ನಾಲ್ವಡಿ ಸೋಮೇಶ್ವರನೂ ಹಾನಗಲ್ಲಿನ ಕದಂಬ ಕಾಮದೇವನೂ ದಾನಗಳನ್ನು ಮಾಡುತ್ತಾರೆ.

ಅರಿದ ತಲೆ ಏಳು ದಿನಗಳ ಮೇಲೆ ಕೂಡಿಕೊಂಡಿತೆಂಬುದನ್ನು ಹೇಳುವುದು ಪುರಾಣವಲ್ಲ, ಶಾಸನ! ಇದೇ ಪ್ರಸಂಗ ಬಸವಪುರಾಣದಲ್ಲೂ ಬರುತ್ತದೆ. ಪುರಾಣದಲ್ಲಿದ್ದರೆ ಕಟ್ಟುಕಥೆ, ಕಲ್ಲಿನಲ್ಲಿದ್ದರೆ ಚರಿತ್ರೆ ಎಂದು ಗೆರೆಯೆಳೆಯುವವರು ಅಬಲೂರಿನ ಸೋಮೇಶ್ವರ ದೇವಾಲಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಫ್ಲೀಟರು ಮಾಡಿದ್ದೇನು? ಪವಾಡವನ್ನು ಬಿಟ್ಟು ಮನುಷ್ಯನನ್ನು ಉಳಿಸಿಕೊಂಡರು. ಅದು ಸರಿಯಾದ ಕ್ರಮ. ಆದರೆ ಅದೇ ಉಪಕಾರವನ್ನು ಬಸವಪುರಾಣದ ನಾಯಕನಿಗೆ ಮಾಡಲಿಲ್ಲ. ಇದೇ ಅಸಮಾನತೆ ಡ್ರ್ಯೂಸನಲ್ಲೂ ಅವನ ಅನುಯಾಯಿಗಳಲ್ಲೂ ಕಾಣುತ್ತದೆ. ನೀರಿನ ಮೇಲೆ ನಡೆದನೆಂದು ಬರೆದಿರುವುದರಿಂದ ನಡೆದವನೇ ಇರಲಿಲ್ಲವೆಂಬುದು ಅವರ ನ್ಯಾಯವಾದರೆ, ತಲೆ ಅರಿದುಕೊಂಡು ಬದುಕಿದ ರಾಮಯ್ಯನೂ ಇರಲಿಲ್ಲ, ಅವನಿಗೆ ಕೊಟ್ಟ ಗೋಗಾವೆಯೂ ಇರಲಿಲ್ಲ.

ಬಸವಣ್ಣನವರ ವಿಷಯದಲ್ಲಿ ಮೌನ ಕೊನೆಗೆ ಮುರಿಯಿತು. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ದೊರೆತ, ಸೇವುಣ ಕನ್ನರದೇವನ ಕಾಲದ 1260ರ ಶಾಸನದಲ್ಲಿ ತರ್ದವಾಡಿ ನಾಡಿನ ಬಾಗೆವಾಡಿ, ಅಲ್ಲಿನ ಮಾದಿರಾಜ, ಅವನ ಮಗ ಬಸವರಾಜ ಇವರ ಉಲ್ಲೇಖವಿದೆ. ದಾನ ಪಡೆದ ಹಾಲಬಸವಿದೇವ ಅದೇ ವಂಶದವನು. ಬಾಗೆವಾಡಿ, ಮಾದಿರಾಜ, ಬಸವ: ಊರು, ತಂದೆ, ಮಗ ಮೂರೂ ಕಾವ್ಯಗಳೊಡನೆ ಒಪ್ಪುತ್ತವೆ. ಶಾಸನ ಬರೆಯಿಸಿದವರಿಗೆ ಪುರಾಣ ಬರೆಯುವ ಉದ್ದೇಶವಿರಲಿಲ್ಲ. ದಾನ ಪಡೆದವನ ಮನೆತನವನ್ನು ಹೇಳುವುದು ಅವರ ಕೆಲಸ.

ಇಲ್ಲಿ ಲೆಕ್ಕವೊಂದನ್ನು ಹಾಕಿ ನೋಡಿದೆ. ಕಲ್ಯಾಣದ ಕ್ರಾಂತಿಯನ್ನು 1167ರ ಸುಮಾರಿಗೆ ಇಟ್ಟುಕೊಂಡರೆ ಅರ್ಜುನವಾಡದ ಶಾಸನಕ್ಕೆ ಇರುವ ಅಂತರ 93 ವರ್ಷ. ಯೇಸುವಿನ ಮರಣವನ್ನು ಕ್ರಿ.ಶ. 30ರ ಸುಮಾರಿಗೆ ಇಟ್ಟುಕೊಂಡರೆ ಟ್ಯಾಸಿಟಸ್‌ಗೆ ಇರುವ ಅಂತರ ಸುಮಾರು 86 ವರ್ಷ, ಜೋಸೀಫಸ್‌ಗೆ 63-64. ಟ್ಯಾಸಿಟಸ್ ತೀರ ತಡವಾದ ಸಾಕ್ಷಿಯೆಂದು ತಳ್ಳಿಹಾಕುವವನು ಅರ್ಜುನವಾಡವನ್ನು ಕಣ್ಣಿಗೊತ್ತಿಕೊಳ್ಳುವ ಹಾಗಿಲ್ಲ. ಅರ್ಜುನವಾಡವನ್ನು ಕಣ್ಣಿಗೊತ್ತಿಕೊಳ್ಳುವ ನಮ್ಮವರು ಟ್ಯಾಸಿಟಸನನ್ನು ಕಂಡು ನಗುವ ಹಾಗೂ ಇಲ್ಲ.

ಮೌನಕ್ಕೂ ಕಾರಣವಿರುತ್ತದೆ. ಶಾಸನಗಳು ಯಾವುದಕ್ಕಾಗಿ ಹುಟ್ಟುತ್ತವೆ? ದೇವಾಲಯಕ್ಕೆ ಭೂಮಿ ಬಿಟ್ಟದ್ದು, ಕೆರೆ ಕಟ್ಟಿಸಿದ್ದು, ತುರುಗೊಳ್ ಕಾಳಗದಲ್ಲಿ ಸತ್ತದ್ದು. ಇವೇ ಅವುಗಳ ವಿಷಯ. ಸ್ಥಾವರಕ್ಕೆ ಅಳಿವುಂಟೆಂದು ಬೋಧಿಸಿದವರು ಗುಡಿಗಳಿಗೆ ದತ್ತಿ ಬಿಟ್ಟು ಹೆಸರು ಕೆತ್ತಿಸಲಿಲ್ಲವೆಂಬುದು ಸಹಜ. ಬಂಡಾಯದಲ್ಲಿ ಕೊನೆಗೊಂಡ ಮಂತ್ರಿಯ ಹೆಸರನ್ನು ಅವನ ಒಡೆಯನ ಮಕ್ಕಳು ಕೆತ್ತಿಸುವುದೂ ಅಸಂಭವ. ಇದು ನಮಗೆ ಅನುಕೂಲವಾದ ವಾದವಾದ್ದರಿಂದ ಇದನ್ನು ನಾನು ಎಚ್ಚರಿಕೆಯಿಂದಲೇ ಮುಂದಿಡುತ್ತೇನೆ. ಮೌನಕ್ಕೆ ಕಾರಣ ಹೇಳಬಲ್ಲೆವೆಂದ ಮಾತ್ರಕ್ಕೆ ಮೌನವೇ ಸಾಕ್ಷಿಯಾಗುವುದಿಲ್ಲ. ಇಷ್ಟೇ: ಮೌನದಿಂದ 'ಇಲ್ಲ' ಎಂಬುದು ಸಿದ್ಧಿಸುವುದಿಲ್ಲ. ಎಲ್ಲಿ ಮಾತು ಬರಲೇಬೇಕಾಗಿತ್ತೋ ಅಲ್ಲಿ ಬಾರದಿದ್ದರೆ ಮಾತ್ರ ಮೌನಕ್ಕೆ ತೂಕ.

ಈ ಆಸೆಯ ಎಳೆತ ನನಗೂ ಗೊತ್ತು. ಪ್ರೌಢದೇವರಾಯನ ದಂಡನಾಯಕನೂ ಶಿವತತ್ತ್ವಚಿಂತಾಮಣಿಯ ಕರ್ತೃವೂ ಆದ ಲಕ್ಕಣ್ಣ ದಂಡೇಶ ಹದಿನೈದನೆಯ ಶತಮಾನದಲ್ಲಿ ನಮ್ಮ ಪಕ್ಕದ ಮುಳಬಾಗಿಲ ರಾಜ್ಯವನ್ನು ಆಳಿದವನು. ರೈಸರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಸಂಪುಟವನ್ನು ಮುಂದಿಟ್ಟುಕೊಂಡು, ಹೆಸರಿನ ಸಾಮ್ಯದಿಂದ ಲಕ್ಕೂರನ್ನು ಆ ಮಹನೀಯನಿಗೆ ಗಂಟುಹಾಕಬೇಕೆಂದು ಒಂದು ಬೇಸಗೆಯೆಲ್ಲ ಪ್ರಯತ್ನಿಸಿದೆ. ಆಧಾರ ಸಿಗಲಿಲ್ಲ, ಲೇಖನವನ್ನು ಹರಿದುಹಾಕಿದೆ. ಭಕ್ತಿ ಒಂದು ಕಡೆ ಎಳೆಯುವಾಗ ಪ್ರಮಾಣ ಇನ್ನೊಂದು ಕಡೆ ನಿಲ್ಲುವುದನ್ನು ಆ ಬೇಸಗೆಯಲ್ಲಿ ಕಲಿತೆ.

ಹಾಗಾದರೆ ಯೇಸು ಇದ್ದನೆಂಬುದಕ್ಕೆ ಸಮರ್ಥವಾದ ಪ್ರಮಾಣ ಯಾವುದು? ನನ್ನ ಮಟ್ಟಿಗೆ ಟ್ಯಾಸಿಟಸನಿಗಿಂತಲೂ ಮುಖ್ಯವಾದದ್ದು ಪೌಲನ ಪತ್ರಗಳು. ಇವುಗಳಲ್ಲಿ ಏಳನ್ನಾದರೂ ಕಟುವಿಮರ್ಶಕರೂ ಅವನವೇ ಎಂದು ಒಪ್ಪುತ್ತಾರೆ. ಇವು ಕ್ರಿ.ಶ. 50 ಮತ್ತು 60ರ ನಡುವಿನವು, ಸುವಾರ್ತೆಗಳಿಗಿಂತ ಹಿಂದಿನವು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ತಾನು ಜೆರೂಸಲೇಮಿಗೆ ಹೋಗಿ ಪೇತ್ರನೊಡನೆ ಹದಿನೈದು ದಿನ ಇದ್ದುದನ್ನೂ, ಕರ್ತನ ಸೋದರನಾದ ಯಾಕೋಬನನ್ನು ಕಂಡುದನ್ನೂ ಹೇಳುತ್ತಾನೆ. ಇದು ಪವಾಡವನ್ನು ಹೊಗಳುವ ಸಂದರ್ಭವಲ್ಲ. ತನಗೆ ಅವರ ಅಪ್ಪಣೆ ಬೇಕಾಗಿಲ್ಲವೆಂದು ಸಾಧಿಸುವ ಜಗಳದ ಸಂದರ್ಭ. ಜಗಳದಲ್ಲಿ ಬಾಯಿತಪ್ಪಿ ಬಂದಂಥ ಮಾತಿಗೆ ಸ್ತುತಿಯ ಮಾತಿಗಿಂತ ಚರಿತ್ರೆಯಲ್ಲಿ ಬೆಲೆ ಹೆಚ್ಚು. ಇಲ್ಲದವನಿಗೆ ಸೋದರನಿರುವುದಿಲ್ಲ; ಆ ಸೋದರನ ಕೊಲೆಯನ್ನೇ ಜೋಸೀಫಸ್ ಬೇರೊಂದು ಕಡೆಯಿಂದ ಹೇಳುತ್ತಾನೆ.

ಇದಕ್ಕೆ ಹೋಲಿಸಿದರೆ ಪ್ಲಿನಿಯ ಸಾಕ್ಷ್ಯ ದುರ್ಬಲ. ಕ್ರಿ.ಶ. 112ರ ಸುಮಾರಿಗೆ ಟ್ರಾಜನ್ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಬೆಳಗಿಗೆ ಮುನ್ನ ಕೂಡಿ ಕ್ರಿಸ್ತನನ್ನು ದೇವರೆಂಬಂತೆ ಹಾಡುವರೆಂದು ಅವನು ಹೇಳುತ್ತಾನೆ. ಅದರಿಂದ ಹಾಡುವವರು ಇದ್ದರೆಂದಾಗುತ್ತದೆಯೇ ಹೊರತು ಹಾಡಿಸಿಕೊಂಡವನು ಇದ್ದನೆಂದಾಗುವುದಿಲ್ಲ. ಇದನ್ನು ದೊಡ್ಡ ಪ್ರಮಾಣವೆಂದು ಎತ್ತಿಹಿಡಿಯುವವರು ತಮ್ಮ ಪಕ್ಷವನ್ನು ತಾವೇ ಸಡಿಲಮಾಡಿಕೊಳ್ಳುತ್ತಾರೆ.

ಇನ್ನೊಂದು ಪ್ರಮಾಣವಿದೆ; ಅದು ಮುಜುಗರದ ಪ್ರಮಾಣ. ಹೊಸ ದೇವರನ್ನು ಕಲ್ಪಿಸುವವನು ಅವನನ್ನು ಶಿಲುಬೆಗೇರಿಸುವುದಿಲ್ಲ. ರೋಮನ್ ಸಾಮ್ರಾಜ್ಯದಲ್ಲಿ ಗುಲಾಮರಿಗೂ ದಂಗೆಕೋರರಿಗೂ ಮೀಸಲಾಗಿದ್ದ ನಾಚಿಕೆಗೇಡಿನ ಶಿಕ್ಷೆ ಅದು. ಆ ಮತದವರು ಅದನ್ನು ಮುಚ್ಚಿಡಲಾರದೆ, ಅದಕ್ಕೆ ಅರ್ಥ ಹುಡುಕುತ್ತ ಹೋದರೆಂದರೆ ಅದು ನಡೆದಿತ್ತೆಂದೇ ತಿಳಿಯಬೇಕು. ಪಾಪವಿಮೋಚನೆಗಾಗಿ ಯೋಹಾನನು ಕೊಡುತ್ತಿದ್ದ ದೀಕ್ಷಾಸ್ನಾನವನ್ನು ಯೇಸುವೂ ಪಡೆದನೆಂಬುದು ಅಂಥದೇ ಇನ್ನೊಂದು ಸಂಗತಿ. ವಚನಗಳಲ್ಲಿಯೂ ಇದರ ಸಾಟಿ ಉಂಟು. ಭವಿ ಬಿಜ್ಜಳನ ಓಲಗದಲ್ಲಿರುವನೆಂಬ ಅಪವಾದವನ್ನು ಬಸವಣ್ಣನವರು ತಮ್ಮ ವಚನಗಳಲ್ಲಿ ಎದುರಿಸುತ್ತಾರೆ. ನಂದಿಯ ಅವತಾರವೆಂದು ಪೂಜಿಸುವವರು ಕುಳಿತು ಕಲ್ಪಿಸಿದ್ದರೆ ಈ ನಿಂದೆಯನ್ನು ಅವರ ಬಾಯಲ್ಲಿ ಹಾಕುತ್ತಿದ್ದರೇ? ನಿಂದೆ ನಿಜವಾಗಿ ಕೇಳಿಬಂದಿತ್ತು. ಉತ್ತರಿಸದೆ ಬೇರೆ ದಾರಿಯಿರಲಿಲ್ಲ.

ಒಸಿರಿಸ್, ಮಿತ್ರ ಮೊದಲಾದ ದೇವತೆಗಳ ಕಥೆಗಳನ್ನೇ ಯೇಸುವಿಗೆ ಹೊಂದಿಸಿದರೆಂಬ ವಾದವನ್ನು ವಿಸ್ತರಿಸುವ ಅಗತ್ಯ ಕಾಣೆ. ವೃಷಭನ ಕಥೆ ಬಸವಣ್ಣನವರಿಗೆ ಅಂಟಿಕೊಂಡಿತು. ಅದರಿಂದ ಬಾಗೆವಾಡಿಯ ಮನೆ ಕರಗಿಹೋಗಲಿಲ್ಲ.

ಈಗಿನ ವಿದ್ವತ್ತಿನ ಸ್ಥಿತಿಯನ್ನೂ ಹೇಳಬೇಕು. ಅಮೆರಿಕದ ಬಾರ್ಟ್ ಎರ್ಮನ್ ಎಂಬ ಹೊಸ ಒಡಂಬಡಿಕೆಯ ಪಂಡಿತರು ದೇವರ ವಿಷಯದಲ್ಲಿ ತಮಗೆ ನಂಬಿಕೆಯಿಲ್ಲವೆಂದು ಬಹಿರಂಗವಾಗಿ ಹೇಳಿದವರು. ಸುವಾರ್ತೆಗಳ ದೋಷಗಳನ್ನು ಎತ್ತಿತೋರಿಸಿ ಅನೇಕ ಗ್ರಂಥಗಳನ್ನು ಬರೆದವರು. ಅವರೇ 2012ರಲ್ಲಿ ಪ್ರತ್ಯೇಕ ಗ್ರಂಥವೊಂದನ್ನು ಬರೆದು ಯೇಸು ಇದ್ದನೆಂದೇ ಸ್ಥಾಪಿಸಿದರು. ಹೀಗೆ ಯೇಸುವಿನ ಅಸ್ತಿತ್ವವನ್ನು ಒಪ್ಪುವುದಕ್ಕೆ ಕ್ರೈಸ್ತನಾಗಬೇಕಾಗಿಲ್ಲ. ಅಲ್ಲಗಳೆಯದಿರುವುದರಿಂದ ನಾಸ್ತಿಕತೆಗೆ ಕುಂದೂ ಇಲ್ಲ. ಲ್ಯಾಂಬರೀನಿನ ಆಸ್ಪತ್ರೆಯ ವೈದ್ಯರೆಂದು ನಾವು ಬಲ್ಲ ಆಲ್ಬರ್ಟ್ ಶ್ವೈಟ್ಸರರು 1906ರಲ್ಲಿ ಪ್ರಕಟಿಸಿದ ಸಮೀಕ್ಷೆಯೂ ಇಲ್ಲಿ ಸ್ಮರಣೀಯ. ಪ್ರತಿಯೊಬ್ಬ ಲೇಖಕನೂ ಯೇಸುವಿನ ಚರಿತ್ರೆಯಲ್ಲಿ ತನ್ನ ಮುಖವನ್ನೇ ಕಂಡುಕೊಂಡಿದ್ದಾನೆಂಬುದನ್ನು ಅವರು ಗ್ರಂಥಗ್ರಂಥವನ್ನೂ ಶೋಧಿಸಿ ತೋರಿಸಿದರು. ಬಸವಣ್ಣನವರನ್ನು ಕುರಿತು ಕಳೆದ ನೂರು ವರ್ಷಗಳಲ್ಲಿ ಬಂದ ಗ್ರಂಥಗಳನ್ನು ಹೀಗೆ ಸಮೀಕ್ಷಿಸುವವರು ನಮ್ಮಲ್ಲಿ ಹೊರಟರೆ ಎಷ್ಟು ಮುಖಗಳು ಕಂಡಾವೋ!

ಚರಿತ್ರೆಯ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂಬ ಪ್ರಶ್ನೆ ಉಳಿಯಿತು. ಪಿಲಾತನು ಒಬ್ಬನನ್ನು ಶಿಲುಬೆಗೇರಿಸಿದನೆಂದು ಚರಿತ್ರೆ ಹೇಳಬಲ್ಲದು; ಅವನು ಮೂರನೆಯ ದಿನ ಎದ್ದನೆಂದು ಹೇಳಲಾರದು, ಏಳಲಿಲ್ಲವೆಂದು ವಿಶ್ವಾಸಿಯ ಎದೆಯಿಂದ ಕಿತ್ತುಹಾಕಲೂ ಆರದು. ಬಾಗೆವಾಡಿಯ ಮಾದಿರಾಜನ ಮಗ ಬಸವರಾಜನಿದ್ದನೆಂದು ಅರ್ಜುನವಾಡ ಹೇಳುತ್ತದೆ. ಇಷ್ಟಲಿಂಗದಲ್ಲಿ ಅವರು ಕಂಡದ್ದೇನೆಂಬುದನ್ನು ಹೇಳುವ ಕಲ್ಲು ಯಾವುದೂ ಇಲ್ಲ. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದ್ದರು. ಎದುರಿಗೆ ನಡೆಯುತ್ತಿರುವ ಪವಾಡವನ್ನು ಹಾಗೆ ಪರೀಕ್ಷಿಸಬಹುದು, ಪರೀಕ್ಷಿಸಲೂ ಬೇಕು. ಎಂಟುನೂರು ಅಥವಾ ಎರಡು ಸಾವಿರ ವರ್ಷಗಳ ಹಿಂದಿನದಕ್ಕೆ ಸಮಿತಿಯನ್ನು ಕಳುಹಿಸಲಾಗದು. ಯಾರು ಅದನ್ನು ನಂಬಿದರು, ಯಾವಾಗಿನಿಂದ ನಂಬಿದರು, ಏಕೆ ನಂಬಿದರು ಎಂಬಷ್ಟನ್ನೇ ಶೋಧಿಸಬಹುದು.

ಮುಂದಿನ ಸೋಮವಾರ ಇದನ್ನೆಲ್ಲ ಜಗುಲಿಯ ಮೇಲೆ ನಿಧಾನವಾಗಿ ಹೇಳಿದೆ. ತೊಡೆ ತಟ್ಟಿದ ಹಿರಿಯರಿಗೆ ಅಷ್ಟೊಂದು ಸಂತೋಷವಾಗಲಿಲ್ಲ. ನಮ್ಮ ದೇವರನ್ನೂ ಅವರ ದೇವರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದಿರಲ್ಲ ಎಂದು ಗೊಣಗಿದರು. ತಕ್ಕಡಿ ಒಂದೇ ಆಗಿರದಿದ್ದರೆ ಅದು ತಕ್ಕಡಿಯಲ್ಲವಲ್ಲಾ ಎಂದೆ. ತರುಣನು ಅರ್ಜುನವಾಡ ಶಾಸನದ ಪಾಠವನ್ನು ಬರೆದುಕೊಂಡು, "ಮಾದಿರಾಜ ಎಂಬ ಹೆಸರು ಆ ಕಾಲದಲ್ಲಿ ಅನೇಕರಿಗೆ ಇತ್ತಲ್ಲವೇ ಮೇಷ್ಟ್ರೇ?" ಎಂದು ಹೊಸ ಆಕ್ಷೇಪಣೆಯನ್ನು ತೆಗೆದ. ಇತ್ತು, ಆದರೆ ಬಾಗೆವಾಡಿಯಲ್ಲಿದ್ದು ಬಸವನೆಂಬ ಮಗನನ್ನು ಪಡೆದ ಮಾದಿರಾಜರು ಎಷ್ಟು ಮಂದಿ ಎಂದು ಕೇಳಿದೆ. ಆಲೋಚಿಸಿ ಹೇಳುವೆನೆಂದ. ಕ್ರೈಸ್ತ ಮಿತ್ರರು ಹೊರಡುವಾಗ ಅಬಲೂರು ಶಾಸನದ ಸಂಪುಟವನ್ನು ಎರವಲು ಕೇಳಿದರು. ತಮ್ಮ ಸಭೆಯ ಹುಡುಗರಿಗೆ ರಾಮಯ್ಯನ ಕಥೆಯನ್ನು ಹೇಳಬೇಕಂತೆ.